ಮೇಲ್ ಸರ್ವರ್ ಡಿಸ್ಕ್ ತುಂಬುತ್ತಿದೆ: ಕೋಟಾ, ಅಳಿಸುವುದು, ಕಂಪ್ರೆಶನ್, ಎರಡನೇ ಡಿಸ್ಕ್ – ಯಾವುದು ಮೊದಲು?

ಪೋಸ್ಟ್‌ಫಿಕ್ಸ್ (ಮೇಲ್ ಸ್ವೀಕರಿಸಿ ರವಾನಿಸುವ ಪ್ರೋಗ್ರಾಂ) ಮತ್ತು ಡವ್‌ಕಾಟ್ (ಮೇಲ್ ಸಂಗ್ರಹಿಸಿ ಬಳಸುವವರಿಗೆ ಒದಗಿಸುವ ಪ್ರೋಗ್ರಾಂ) ಮೇಲೆ ನಡೆಯುವ ಆಫೀಸ್ ಮೇಲ್ ಸರ್ವರ್‌ನಲ್ಲಿ ಜಾಗ ಕಡಿಮೆಯಾದ ತಕ್ಷಣ ಹೆಚ್ಚಿನವರು ಕೈ ಹಾಕುವುದು ಕೋಟಾಗೆ, ಅಂದರೆ ಒಬ್ಬೊಬ್ಬರ ಮೇಲ್‌ಬಾಕ್ಸ್‌ಗೆ ಹಾಕುವ ಗಾತ್ರದ ಮಿತಿಗೆ. ನಾಲ್ಕೂ ದಾರಿಗಳನ್ನು ನಡೆಸಿ ನೋಡಿದ ಮೇಲೆ ಹೇಳುವುದಾದರೆ, ಕೋಟಾ ಕೊನೆಗೆ ಬರಬೇಕು, ಕಂಪ್ರೆಶನ್ ಮೊದಲಿಗೆ. ಇಲ್ಲಿ ಹೇಳುವ ಪ್ಲಗಿನ್ ಹೆಸರುಗಳು ಡವ್‌ಕಾಟ್ 2.3ರವು, 2.4ರಲ್ಲಿ ಕೆಲವು ಬದಲಾಗಿವೆ.

ಯಾವುದಕ್ಕೂ ಮುಂಚೆ ತುಂಬಿರುವುದು ಏನೆಂದು ನೋಡಿಕೊಳ್ಳಿ. ಡಿಸ್ಕ್‌ನಲ್ಲಿ ಜಾಗ ಖಾಲಿ ಕಾಣಿಸಿದರೂ ಹೊಸ ಮೇಲ್ ಬರೆಯಲು ಆಗದಿದ್ದರೆ ಐನೋಡ್‌ಗಳು (ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆಗಳು) ಮುಗಿದಿರಬಹುದು. ಮೇಲ್‌ಡಿರ್ ಎಂಬ ಸಂಗ್ರಹ ವಿಧಾನದಲ್ಲಿ ಒಂದು ಮೇಲ್‌ಗೆ ಒಂದು ಫೈಲ್. ಲಿನಕ್ಸ್‌ನ ಎಕ್ಸ್ಟ್4 ಫೈಲ್‌ಸಿಸ್ಟಮ್ ಸಾಮಾನ್ಯವಾಗಿ 16 ಕೆಬಿಗೆ ಒಂದು ಐನೋಡ್ ಲೆಕ್ಕದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ, ಆಮೇಲೆ ಆ ಅನುಪಾತವನ್ನು ಬದಲಿಸಲಾಗದು. ಕಂಪ್ರೆಸ್ ಮಾಡಿದರೂ ಫೈಲ್‌ಗಳ ಸಂಖ್ಯೆ ಅಷ್ಟೇ ಇರುತ್ತದೆ. ಆ ತೊಂದರೆ ಇದ್ದರೆ ಹಲವು ಮೇಲ್‌ಗಳನ್ನು ಒಂದೇ ಫೈಲ್‌ನಲ್ಲಿ ಇಡುವ ಎಂಡಿಬಾಕ್ಸ್‌ಗೆ ಹೋಗುವುದೇ ಸರಿ.

ಕಂಪ್ರೆಶನ್ ಏಕೆ ಮೊದಲು? ಬಳಸುವವರಿಗೆ ಅದು ಗೊತ್ತೇ ಆಗುವುದಿಲ್ಲ, ಯಾರ ಮೇಲ್ ಕೂಡ ಕಳೆದುಹೋಗುವುದಿಲ್ಲ. "ಅಟ್ಯಾಚ್‌ಮೆಂಟ್‌ಗಳೆಲ್ಲ ಫೋಟೊ, ಜಿಪ್, ಅವು ಇನ್ನೇನು ಕುಗ್ಗುತ್ತವೆ" ಎನ್ನುವ ಮಾತು ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಸಾಗುವುದು ಬೇಸ್64 ರೂಪದಲ್ಲಿ, ಅಂದರೆ ಸಾದಾ ಪಠ್ಯದ ಅಕ್ಷರಗಳಾಗಿ. 3 ಎಂಬಿ ಫೋಟೊ ಆ ರೂಪದಲ್ಲಿ ಸುಮಾರು 4.1 ಎಂಬಿ ಆಗುತ್ತದೆ. ಫೋಟೊ ಕುಗ್ಗದಿದ್ದರೂ ಬೇಸ್64 ಸೇರಿಸಿದ ಈ ಉಬ್ಬು ಕುಗ್ಗುತ್ತದೆ, ಅಂದರೆ ಹೆಚ್ಚುಕಡಿಮೆ ಕಾಲು ಭಾಗ ವಾಪಸ್. ಬರೀ ಪಠ್ಯ ಮತ್ತು ಎಚ್‌ಟಿಎಂಎಲ್ ಮೇಲ್‌ಗಳಲ್ಲಿ ಉಳಿತಾಯ ಇನ್ನೂ ಹೆಚ್ಚು.

ಯಾವ ವಿಧಾನ ಆರಿಸುತ್ತೀರಿ ಎಂಬುದರಲ್ಲೇ ವ್ಯತ್ಯಾಸವಿದೆ. ಝಡ್‌ಸ್ಟ್ಯಾಂಡರ್ಡ್ ಮತ್ತು ಜೀಜಿಪ್ ಎರಡರಲ್ಲೂ ಹಫ್‌ಮನ್ ಕೋಡಿಂಗ್ (ಹೆಚ್ಚು ಬರುವ ಅಕ್ಷರಕ್ಕೆ ಕಡಿಮೆ ಬಿಟ್ ಕೊಡುವುದು) ಇರುವುದರಿಂದ ಈ ಕಾಲು ಭಾಗ ಸಿಗುತ್ತದೆ. ಎಲ್‌ಝಡ್4ರಲ್ಲಿ ಆ ಹಂತವೇ ಇಲ್ಲ. ಮರುಕಳಿಸುವ ತುಣುಕುಗಳನ್ನಷ್ಟೇ ಹುಡುಕುತ್ತದೆ, ಫೋಟೊದ ಬೇಸ್64ನಲ್ಲಿ ಅಂಥವು ಸಿಗುವುದಿಲ್ಲ. ಝಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನಲ್ಲಿ ಎಲ್‌ಝಡ್4 ಆನ್ ಮಾಡಿ ಅಟ್ಯಾಚ್‌ಮೆಂಟ್ ಕುಗ್ಗಲಿಲ್ಲ ಎಂದು ಕೈಬಿಟ್ಟವರು ಝಡ್‌ಸ್ಟ್ಯಾಂಡರ್ಡ್ ಹಚ್ಚಿ ನೋಡಬೇಕು. 3ನೇ ಮಟ್ಟ ಸಾಕು, ಜೀಜಿಪ್‌ಗಿಂತ ವೇಗವೂ ಹೆಚ್ಚು.

ಡವ್‌ಕಾಟ್‌ನ ಝಡ್‌ಲಿಬ್ ಪ್ಲಗಿನ್ ಆನ್ ಮಾಡಿದರೆ ಹೊಸ ಮೇಲ್ ಮಾತ್ರ ಕುಗ್ಗುತ್ತದೆ. ಹಳೆಯದನ್ನು ಒಬ್ಬೊಬ್ಬರದಾಗಿ ಡವ್‌ಕಾಟ್‌ನ ನಿರ್ವಹಣಾ ಸಾಧನ ಡವ್‌ಆಡಮ್‌ನ ಬ್ಯಾಕಪ್ ಆಜ್ಞೆಯಿಂದ ಹೊಸ ಜಾಗಕ್ಕೆ ನಕಲಿಸಿ, ಆಮೇಲೆ ಬದಲಾಯಿಸಿಕೊಳ್ಳಬೇಕು. ಅದಕ್ಕೆ ಕನಿಷ್ಠ ಅತಿ ದೊಡ್ಡ ಮೇಲ್‌ಬಾಕ್ಸ್ ಹಿಡಿಸುವಷ್ಟು ಜಾಗ ಬೇಕು. ಡಿಸ್ಕ್ ಶೇ 98 ತುಂಬಿದ ಮೇಲೆ ಹೊರಟರೆ ತಡವಾಯಿತು. ಮೇಲ್‌ಡಿರ್ ಫೈಲ್‌ಗಳನ್ನು ಇದ್ದಲ್ಲೇ ಕುಗ್ಗಿಸಲು ಸ್ಕ್ರಿಪ್ಟ್ ಬರೆದರೆ ಎರಡು ಎಚ್ಚರಿಕೆ: ಫೈಲ್ ಹೆಸರಿನಲ್ಲಿ ‘ಎಸ್=’ ಮುಂದೆ ಮೂಲ ಗಾತ್ರ ಇರಲೇಬೇಕು, ಫೈಲ್‌ನ ಹಳೆಯ ಸಮಯವೂ ಹಾಗೇ ಉಳಿಯಬೇಕು. ಸಮಯ ಕೆಟ್ಟರೆ ಎಲ್ಲ ಮೇಲ್‌ಗಳೂ ಇವತ್ತು ಬಂದಂತೆ ಕಾಣಬಹುದು. ಒಮ್ಮೆ ಆನ್ ಮಾಡಿದ ಪ್ಲಗಿನ್ ಅನ್ನು ಮುಂದೆಂದೂ ತೆಗೆಯಬೇಡಿ, ಕುಗ್ಗಿದ ಮೇಲ್ ಓದಲೂ ಅದೇ ಬೇಕು.

ಅಳಿಸುವುದು ಎರಡನೆಯದು. ಟ್ರ್ಯಾಶ್ ಮತ್ತು ಜಂಕ್ ಎರಡಕ್ಕೂ ಆಟೊಎಕ್ಸ್‌ಪಂಜ್ (ಹಳೆಯ ಮೇಲ್ ತಾನಾಗಿ ಅಳಿಸುವ ಸೆಟ್ಟಿಂಗ್) 30 ದಿನ ಎಂದು ಹಾಕಿದರೆ ಸಾಕು. ಆದರೆ ಅದು ಓಡುವುದು ಆ ಖಾತೆ ಬಳಕೆಯಾದಾಗ. ಬಿಟ್ಟುಹೋದವರ, ಯಾರೂ ತೆರೆಯದ ಖಾತೆಗಳಿಗೆ ರಾತ್ರಿ ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಸಾಧನ) ಡವ್‌ಆಡಮ್ ಎಕ್ಸ್‌ಪಂಜ್ ಓಡಿಸಿ. ಅಲ್ಲಿ ‘ಬಿಫೋರ್’ ಬಳಸಬೇಡಿ, ‘ಸೇವ್ಡ್‌ಬಿಫೋರ್’ ಬಳಸಿ. ಮೊದಲನೆಯದು ಮೇಲ್ ಬಂದ ದಿನವನ್ನು ಎಣಿಸುತ್ತದೆ, ಎರಡನೆಯದು ಆ ಫೋಲ್ಡರ್‌ಗೆ ಸೇರಿದ ದಿನವನ್ನು. ಎರಡು ವರ್ಷ ಹಳೆಯ ಕರಾರಿನ ಮೇಲ್ ಬೆಳಿಗ್ಗೆ ಕೈತಪ್ಪಿ ಟ್ರ್ಯಾಶ್‌ಗೆ ಬಿದ್ದಿದ್ದರೆ, ‘ಬಿಫೋರ್’ ಅದನ್ನು ಅದೇ ರಾತ್ರಿ ಅಳಿಸಿಬಿಡುತ್ತದೆ. ಎಕ್ಸ್‌ಪಂಜ್‌ಗೆ ಮುಂಚೆ ಅದೇ ಷರತ್ತಿನಲ್ಲಿ ಡವ್‌ಆಡಮ್ ಸರ್ಚ್ ಓಡಿಸಿ ಎಷ್ಟು ಸಿಗುತ್ತವೆ ನೋಡಿ.

ಎಂಡಿಬಾಕ್ಸ್‌ನಲ್ಲಿ ಅಳಿಸಿದರೂ ಡಿಸ್ಕ್ ಲೆಕ್ಕ ಅಲುಗಾಡುವುದಿಲ್ಲ. ಎಕ್ಸ್‌ಪಂಜ್ ಗುರುತು ಮಾತ್ರ ಹಾಕುತ್ತದೆ; ಜಾಗ ಬಿಡುಗಡೆಯಾಗುವುದು ಡವ್‌ಆಡಮ್ ಪರ್ಜ್ ಓಡಿದಾಗ, ಅದೂ ಕ್ರಾನ್‌ನಲ್ಲಿರಬೇಕು. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಮೇಲ್ ಸರ್ವರ್ ಇಟ್ಟುಕೊಂಡವರಿಗೂ ಇಂಥದೇ ಅನುಭವ: ಅಳಿಸಿದ ಜಾಗ ಡೇಟಾಬೇಸ್ ಫೈಲ್ ಒಳಗೇ ಖಾಲಿ ಉಳಿಯುತ್ತದೆ, ಫೈಲ್ ಚಿಕ್ಕದಾಗುವುದಿಲ್ಲ. ಅಲ್ಲಿ ಆಫ್‌ಲೈನ್ ಡಿಫ್ರ್ಯಾಗ್‌ಗಿಂತ ಮೇಲ್‌ಬಾಕ್ಸ್‌ಗಳನ್ನು ಹೊಸ ಡೇಟಾಬೇಸ್‌ಗೆ ಸರಿಸಿ ಹಳೆಯದನ್ನು ತೆಗೆಯುವುದು ಲೇಸು, ಸೇವೆ ನಿಲ್ಲುವುದಿಲ್ಲ.

ಹಳೆಯ ಮೇಲ್ ಅಳಿಸುವಂತಿಲ್ಲ ಎಂದಿದ್ದರೆ ಎರಡನೇ ಡಿಸ್ಕ್. ಡವ್‌ಕಾಟ್‌ನ ಆಲ್ಟ್ ಸ್ಟೋರೇಜ್ (ಹಳೆಯ ಮೇಲ್ ಬೇರೆ ಡಿಸ್ಕ್‌ನಲ್ಲಿಡುವ ಸೌಲಭ್ಯ) ಎಂಡಿಬಾಕ್ಸ್ ಮತ್ತು ಅದರದೇ ಜಾತಿಯ ಎಸ್‌ಡಿಬಾಕ್ಸ್‌ಗಳಲ್ಲಿ ಮಾತ್ರ ಇದೆ. ಒಂದು ವರ್ಷ ದಾಟಿದ್ದನ್ನು ಆಲ್ಟ್‌ಮೂವ್‌ನಿಂದ ನಿಧಾನ ಡಿಸ್ಕ್‌ಗೆ ಕಳಿಸಿ ಪರ್ಜ್ ಮಾಡಬೇಕು. ಬಳಸುವವರಿಗೆ ಫೋಲ್ಡರ್ ಮೊದಲಿನಂತೆಯೇ ಕಾಣುತ್ತದೆ. ಅಪಾಯ ಇರುವುದು ಮೌಂಟ್‌ನಲ್ಲಿ, ಅಂದರೆ ಡಿಸ್ಕ್ ಅನ್ನು ವ್ಯವಸ್ಥೆಗೆ ಜೋಡಿಸುವುದರಲ್ಲಿ: ರೀಬೂಟ್ ನಂತರ ಆ ಡಿಸ್ಕ್ ಮೌಂಟ್ ಆಗದೆ ಡವ್‌ಕಾಟ್ ಶುರುವಾದರೆ, ಹಳೆಯ ಮೇಲ್ ಕಳೆದುಹೋಗಿದೆ ಎಂದುಕೊಂಡು ಮೇಲ್‌ಗಳ ಪಟ್ಟಿಯಾದ ಇಂಡೆಕ್ಸ್ ಮತ್ತೆ ಕಟ್ಟಬಹುದು. ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿಯಲ್ಲಿ ಡವ್‌ಕಾಟ್ ಸೇವೆಗೆ ಆ ಮೌಂಟ್ ಕಡ್ಡಾಯ ಎಂದು ಬರೆದಿಡಿ.

ಇನ್ನು ಕೋಟಾ. ಇದರಿಂದ ಒಂದು ಬೈಟ್ ಕೂಡ ಬಿಡುಗಡೆಯಾಗುವುದಿಲ್ಲ, ಬೆಳೆಯುವುದನ್ನಷ್ಟೇ ತಡೆಯುತ್ತದೆ. ಮಿತಿ ಮುಟ್ಟಿದವರು ಮೇಲ್ ಅಳಿಸಲು ಹೋದರೆ, ಮೇಲ್ ಪ್ರೋಗ್ರಾಂ ಅದನ್ನು ಟ್ರ್ಯಾಶ್‌ಗೆ ನಕಲಿಸಲು ನೋಡುತ್ತದೆ, ಕೋಟಾ ಮೀರಿ ಅದೂ ಸೋಲುತ್ತದೆ. ಅದಕ್ಕೇ ಟ್ರ್ಯಾಶ್‌ಗೆ 100 ಎಂಬಿ ಹೆಚ್ಚುವರಿ ನಿಯಮ ಬೇಕು, ಶೇ 80 ಮತ್ತು 95ಕ್ಕೆ ಎಚ್ಚರಿಕೆ ಮೇಲ್ ಹೋಗಬೇಕು. ಇನ್ನೊಂದು ಕಡೆ, ಪೋಸ್ಟ್‌ಫಿಕ್ಸ್ ಮೇಲ್ ಒಪ್ಪಿಕೊಂಡ ಮೇಲೆ ಡವ್‌ಕಾಟ್ ತಿರಸ್ಕರಿಸಿದರೆ ಕಳಿಸಿದವರಿಗೆ ಬೌನ್ಸ್ (ತಲುಪಲಿಲ್ಲ ಎಂಬ ಮೇಲ್) ಹೊರಡುತ್ತದೆ. ಸ್ಪ್ಯಾಮ್ ಆಗಿದ್ದರೆ, ಕಳಿಸಿದವರ ವಿಳಾಸ ನಕಲಿಯಾಗಿರುವುದರಿಂದ, ಅದು ಸಂಬಂಧವೇ ಇಲ್ಲದವರಿಗೆ ಹೋಗಿ ಬೀಳುತ್ತದೆ. ತಾತ್ಕಾಲಿಕ ದೋಷ ಎಂದು ಉತ್ತರಿಸುವಂತೆ ಮಾಡಿದರೆ ಮೇಲ್ ಪೋಸ್ಟ್‌ಫಿಕ್ಸ್ ಕ್ಯೂನಲ್ಲಿ 5 ದಿನದವರೆಗೆ ಕೂತು ಅಲ್ಲಿಯ ಡಿಸ್ಕ್ ತಿನ್ನುತ್ತದೆ. ಡವ್‌ಕಾಟ್‌ನ ಕೋಟಾ-ಸ್ಟೇಟಸ್ ಸೇವೆಯನ್ನು ಪೋಸ್ಟ್‌ಫಿಕ್ಸ್‌ನ ಸ್ವೀಕೃತಿ ನಿಯಮಗಳಿಗೆ ಜೋಡಿಸಿದರೆ ತುಂಬಿದ ಪೆಟ್ಟಿಗೆಯ ಮೇಲ್ ಬಾಗಿಲಲ್ಲೇ ನಿಲ್ಲುತ್ತದೆ, ಕಳಿಸಿದವರಿಗೆ ಅವರ ಸರ್ವರೇ ತಿಳಿಸುತ್ತದೆ.