ಲಾಗಿನ್ ಪರಿಶೀಲನೆ: ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್‌ಗಳಲ್ಲಿ ಮಾಡಿ ನೋಡಿದ್ದು

ಸದಸ್ಯರ ಪಾಸ್‌ವರ್ಡ್‌ಗಳು ಬೇರೊಂದು ಡೇಟಾಬೇಸ್‌ನಲ್ಲಿದ್ದವು. ವೆಬ್‌ಸೈಟ್ ಅಲ್ಲಿ ವಿಚಾರಿಸಿ ಬಳಕೆದಾರರನ್ನು ಒಳಗೆ ಬಿಡಬೇಕಿತ್ತು, ಸದಸ್ಯತ್ವ ಮುಗಿದವರನ್ನು ತಡೆಯಬೇಕಿತ್ತು. ಈ ಕೆಲಸವನ್ನು ವೆಬ್‌ಸೈಟ್ ಕಟ್ಟಿ ನಡೆಸುವ ಈ ಮೂರು ವ್ಯವಸ್ಥೆಗಳಲ್ಲಿ ಮಾಡಿ ನೋಡಿದೆ. ಒಳಗೆ ಬಿಡುವುದು ಎಲ್ಲದರಲ್ಲಿಯೂ ಸಲೀಸಾಗಿಯೇ ಆಯಿತು, ತೊಡಕೆಲ್ಲ ತಡೆಯುವುದರಲ್ಲಿತ್ತು.

ವರ್ಡ್‌ಪ್ರೆಸ್‌ನಲ್ಲಿ ಲಾಗಿನ್ ವೇಳೆ ಒಂದಾದ ಮೇಲೊಂದು ನಡೆಯುವ ಪರಿಶೀಲನೆಗಳ ಸರಪಳಿಗೆ, ಅಂದರೆ ‘ಅಥೆಂಟಿಕೇಟ್’ ಫಿಲ್ಟರ್‌ಗೆ, ನಮ್ಮದೊಂದು ಫಂಕ್ಷನ್ ಸೇರಿಸಿದರೆ ಸಾಕು, ಬೇಗ ಮುಗಿಯುತ್ತದೆ. ಆದರೆ ಅದರ ಸ್ವಂತ ಪಾಸ್‌ವರ್ಡ್ ಪರಿಶೀಲನೆ 20ನೆಯ ಆದ್ಯತೆಯಲ್ಲಿ ನಡೆಯುತ್ತದೆ (ಸಣ್ಣ ಸಂಖ್ಯೆಯದು ಮೊದಲು ನಡೆಯುತ್ತದೆ). ನನ್ನ ಫಂಕ್ಷನ್ ಪೂರ್ವನಿಯೋಜಿತ 10ರಲ್ಲಿದ್ದು, ‘ಸದಸ್ಯತ್ವ ಮುಗಿದಿದೆ’ ಎಂಬ ದೋಷವನ್ನು ಹಿಂತಿರುಗಿಸುತ್ತಿದ್ದರೂ, ಆ ವ್ಯಕ್ತಿಯ ಹಳೆಯ ಪಾಸ್‌ವರ್ಡ್ ವರ್ಡ್‌ಪ್ರೆಸ್‌ನಲ್ಲಿ ಇನ್ನೂ ಉಳಿದಿದ್ದುದರಿಂದ ಮುಂದಿನ ಪರಿಶೀಲನೆ ಅದನ್ನು ಲೆಕ್ಕಿಸದೆ ಅವರನ್ನು ಒಳಗೆ ಬಿಟ್ಟಿತು. ಒಪ್ಪಿಗೆಯನ್ನು ಮುಂದಿನ ಹಂತ ಗೌರವಿಸುತ್ತದೆ, ನಿರಾಕರಣೆಯನ್ನು ಗೌರವಿಸುವುದಿಲ್ಲ! ತಡೆಯುವ ಭಾಗವನ್ನು ಬೇರ್ಪಡಿಸಿ 30ಕ್ಕೆ ಸರಿಸಿದ ಮೇಲೆಯೇ ಅದು ಸರಿಹೋಯಿತು.

ಜೂಮ್ಲಾದಲ್ಲಿಯೂ ದೃಢೀಕರಣದ ಪ್ಲಗಿನ್‌ಗಳು ಸಾಲಾಗಿ ನಿಂತಿರುತ್ತವೆ. ಒಂದು ಸೋತರೆ ಮುಂದಿನದು ಪ್ರಯತ್ನಿಸುತ್ತದೆ, ಯಾವುದಾದರೊಂದು ಗೆದ್ದರೆ ಸಾಲು ಅಲ್ಲಿಗೇ ನಿಲ್ಲುತ್ತದೆ. ಆದರೆ ಇಲ್ಲಿ ‘ಇವರು ಯಾರು’ ಎಂಬುದು ಗೊತ್ತಾದ ಮೇಲೆ ‘ಇವರನ್ನು ಬಿಡಬಹುದೇ’ ಎಂದು ಕೇಳುವ ಪ್ರತ್ಯೇಕ ಹಂತವಿದ್ದು, ಅವಧಿ ಮುಗಿದವರನ್ನು ಅಲ್ಲಿಯೇ ನಿಲ್ಲಿಸಬಹುದು. ಮೊದಲ ಬಾರಿ ಬಂದವರಿಗೆ ಖಾತೆಯೂ ತಾನಾಗಿ ತೆರೆಯುತ್ತದೆ. ಈ ಕೆಲಸದ ಮಟ್ಟಿಗೆ ನನಗೆ ಹಿಡಿಸಿದ್ದು ಇದೇ ವಿನ್ಯಾಸ.

ಡ್ರೂಪಲ್‌ನಲ್ಲಿ ಮೊದಲು ಲಾಗಿನ್ ಫಾರ್ಮಿನ ಪರಿಶೀಲನಾ ಹಂತಗಳನ್ನೇ ಬದಲಿಸಿದ್ದು ನನ್ನ ತಪ್ಪು. ಒಂದೇ ಖಾತೆಗೆ 6 ಗಂಟೆಯೊಳಗೆ 5 ಬಾರಿ ತಪ್ಪು ಪಾಸ್‌ವರ್ಡ್ ಕೊಟ್ಟರೆ ತಡೆಯುವ ರಕ್ಷಣೆ ಆ ಹಂತಗಳೊಳಗೇ ಇದ್ದುದರಿಂದ, ಅವುಗಳ ಜೊತೆಗೆ ಅದೂ ಹೋಯಿತು. ಸಾಲದ್ದಕ್ಕೆ ಜೇಸನ್ ಮೂಲಕ, ಅಂದರೆ ಬೇರೆ ಪ್ರೋಗ್ರಾಂಗಳು ಮಾಹಿತಿ ಕಳಿಸುವ ರೂಪದಲ್ಲಿ, ಬರುವ ಲಾಗಿನ್ ಕೋರಿಕೆ ಆ ಫಾರ್ಮನ್ನು ಮುಟ್ಟುವುದೇ ಇಲ್ಲ. ಬದಲಿಗೆ ಪಾಸ್‌ವರ್ಡ್ ಸರಿಯೇ ಎಂದು ನೋಡುವ ‘ಯೂಸರ್.ಆಥ್’ ಸರ್ವೀಸನ್ನು ಡೆಕೊರೇಟ್ ಮಾಡಿದಾಗ, ಅಂದರೆ ಅದರ ಸುತ್ತ ನಮ್ಮ ಕೋಡನ್ನು ಹೊದಿಸಿದಾಗ, ಎರಡೂ ದಾರಿಗಳಿಗೆ ಒಂದೇ ನಿಯಮ ಅನ್ವಯವಾಯಿತು, ರಕ್ಷಣೆಯೂ ಉಳಿಯಿತು. ಆದರೂ ಪಾಸ್‌ವರ್ಡ್ ಮರೆತವರಿಗೆ ಇಮೇಲ್‌ನಲ್ಲಿ ಹೋಗುವ ಒಂದು ಬಾರಿಯ ಕೊಂಡಿ ಈ ಸರ್ವೀಸನ್ನು ಕೇಳದೆಯೇ ಒಳಗೆ ಬಿಡುತ್ತದೆ. ಹಾಗಾಗಿ ಸದಸ್ಯತ್ವ ಮುಗಿದವರ ಖಾತೆಗಳನ್ನು ಬೇರೆಯಾಗಿಯೇ ಬ್ಲಾಕ್ ಮಾಡಬೇಕಾಯಿತು.