ಮನೆಯಲ್ಲೇ ಮಾಡಿದ ಕೋಲ್ಡ್ ಫ್ರೇಮ್: ಮಿಷಿಗನ್ ಚಳಿಯಲ್ಲಿ ಹಲವು ವರ್ಷ ಬಳಸಿದ ಮೇಲೆ

ಕೋಲ್ಡ್ ಫ್ರೇಮ್ ಅಂದರೆ ತಳವಿಲ್ಲದ ಮರದ ಪೆಟ್ಟಿಗೆ, ಅದರ ಮೇಲೆ ಬೆಳಕು ಬಿಡುವ ಒಂದು ಮುಚ್ಚಳ. ಅಷ್ಟೇ. ಕರೆಂಟ್ ಬೇಡ, ಹೀಟರ್ ಬೇಡ. ಆಗ್ನೇಯ ಮಿಷಿಗನ್‌ನಲ್ಲಿ ನಮ್ಮ ಹಿತ್ತಲಲ್ಲಿ ಇಂಥವು ಎರಡಿವೆ. ಇಲ್ಲಿ ಮೇ ಎರಡನೇ ವಾರದ ತನಕ ಫ್ರಾಸ್ಟ್, ಅಂದರೆ ಎಳೆ ಗಿಡ ಸಾಯಿಸುವ ಹೆಪ್ಪುಗಟ್ಟಿದ ಇಬ್ಬನಿ, ಬೀಳಬಹುದು, ಅಕ್ಟೋಬರ್‌ನಲ್ಲಿ ಮತ್ತೆ ಶುರು. ಮಾರ್ಚ್‌ನಲ್ಲೇ ಮೆಣಸಿನ ಬೀಜ ಹಾಕಿ, ಸಸಿಗಳನ್ನು ಕಿಟಕಿ ಪಕ್ಕ ಸಾಲಾಗಿ ಇಟ್ಟುಕೊಂಡು ಹೊರಗೆ ಯಾವಾಗ ಇಡಲಿ ಅಂತ ಕಾಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸೊಪ್ಪು ಬೆಳೆಯೋದಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿಗಳನ್ನು ಹೊರಗಿನ ಹವೆಗೆ ಒಗ್ಗಿಸೋದಕ್ಕೂ ತುಂಬಾ ಚೆನ್ನಾಗಿದೆ. ಆದರೆ ಹೀರೆ, ಸೋರೆ, ಬೆಂಡೆಯನ್ನು ಏಪ್ರಿಲ್‌ನಲ್ಲೇ ಇದರೊಳಗೆ ಬೆಳೆಸಿಬಿಡ್ತೀನಿ ಅಂದರೆ ಆಗಲ್ಲ. ಅವಕ್ಕೆ ಮಣ್ಣೇ ಬೆಚ್ಚಗಿರಬೇಕು, ಈ ಪೆಟ್ಟಿಗೆ ಅಷ್ಟು ಬಿಸಿ ಕೊಡುವುದಿಲ್ಲ.

ನಮ್ಮ ಪೆಟ್ಟಿಗೆಗಳು ಆರಡಿ ಉದ್ದ, ಮೂರಡಿ ಅಗಲ. ಹಿಂದಿನ ಹಲಗೆ 18 ಇಂಚು, ಮುಂದಿನದು 12 ಇಂಚು, ಹಾಗಾಗಿ ಮುಚ್ಚಳ ದಕ್ಷಿಣಕ್ಕೆ ಇಳಿಜಾರಾಗಿ ಕೂರುತ್ತದೆ. ಈ ಇಳಿಜಾರು ಬೇಕೇ ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ ಸೂರ್ಯ ಸಾಕಷ್ಟು ಮೇಲಿರುತ್ತಾನೆ, ಇಲ್ಲಿ 42 ಡಿಗ್ರಿ ಅಕ್ಷಾಂಶದಲ್ಲಿ ಹನ್ನೆರಡು ಗಂಟೆಗೂ ದಿಗಂತದಿಂದ 25 ಡಿಗ್ರಿಯಷ್ಟು ಮೇಲೆ ಬಂದರೆ ಹೆಚ್ಚು. ಮಳೆ ನೀರೂ ಜಾರಿ ಹೋಗುತ್ತದೆ.

ಒಂದಕ್ಕೆ ಯಾರೋ ತೆಗೆದುಹಾಕಿದ ಹಳೇ ಗಾಜಿನ ಕಿಟಕಿ ಹಾಕಿದ್ದೇವೆ, ಇನ್ನೊಂದಕ್ಕೆ 6 ಮಿಲಿಮೀಟರ್‌ನ ಎರಡು ಪದರದ ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್) ಶೀಟ್. ಕಿಟಕಿ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಒಂದು ಎಚ್ಚರ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಹಚ್ಚುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಕಿಟಕಿಯ ಬಣ್ಣ ಏಳುತ್ತಿದ್ದರೆ, ತಿನ್ನುವ ಸೊಪ್ಪಿನ ಮೇಲೆ ಅದನ್ನು ದಯವಿಟ್ಟು ಇಡಬೇಡಿ. ಕೊಳೆಯದಂತೆ ರಾಸಾಯನಿಕ ಹಾಕಿದ ಹಳೇ ಟ್ರೀಟೆಡ್ ಮರವೂ ಬೇಡ, 2004ಕ್ಕಿಂತ ಮುಂಚಿನದ್ದರಲ್ಲಿ ಆರ್ಸೆನಿಕ್ ಇರಬಹುದು. ನಮ್ಮದು ಸೀಡರ್ ಮರ, ಏನೂ ಬಳಿದಿಲ್ಲ, ಇನ್ನೂ ಗಟ್ಟಿಯಾಗಿದೆ.

ಈಗ ಕೇಳಿದರೆ ಎರಡಕ್ಕೂ ಪಾಲಿಕಾರ್ಬೊನೇಟೇ ಹಾಕಿ ಅನ್ನುತ್ತೇನೆ. ಹಗುರ, ಆಲಿಕಲ್ಲಿಗೆ ಒಡೆಯಲ್ಲ, ಪದರಗಳ ನಡುವೆ ಗಾಳಿ ಇರುವುದರಿಂದ ರಾತ್ರಿ ಸ್ವಲ್ಪ ಜಾಸ್ತಿ ಬೆಚ್ಚಗಿರುತ್ತದೆ. ಬಿಸಿಲಿನ ಯುವಿ ಕಿರಣ ತಡೆಯುವ ಲೇಪನ ಇರುವ ಬದಿ ಮೇಲಕ್ಕೆ ಬರಬೇಕು. ಶೀಟಿನ ಮೇಲಿನ ಅಂಚಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿ, ಇಲ್ಲದಿದ್ದರೆ ಆ ಸಣ್ಣ ಕೊಳವೆಗಳೊಳಗೆ ನೀರು ಸೇರಿ ಹಸಿರು ಪಾಚಿ ಕಟ್ಟುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗಲ್ಲ.

ಇನ್ನು ಮುಖ್ಯ ವಿಷಯ. ಎಲ್ಲರೂ ಚಳಿಗೆ ಹೆದರುತ್ತಾರೆ, ಆದರೆ ಇದರೊಳಗೆ ಸಸಿ ಸಾಯುವುದು ಹೆಚ್ಚಾಗಿ ಬಿಸಿಗೆ. ಏಪ್ರಿಲ್‌ನ ಬಿಸಿಲಿರುವ ದಿನ ಹೊರಗೆ 8 ಡಿಗ್ರಿ ಸೆಲ್ಸಿಯಸ್, ನೀವು ಜಾಕೆಟ್ ಹಾಕಿಕೊಂಡು ನಿಂತಿರುತ್ತೀರಿ, ಮುಚ್ಚಿದ ಪೆಟ್ಟಿಗೆಯೊಳಗೆ ಥರ್ಮಾಮೀಟರ್ 35 ದಾಟಿರುತ್ತದೆ. ಬೆಳಿಗ್ಗೆ ಮುಚ್ಚಿಟ್ಟು ಆಫೀಸಿಗೆ ಹೋದರೆ ಸಂಜೆ ಬರುವಷ್ಟರಲ್ಲಿ ಎಲ್ಲಾ ಬಾಡಿ ಮಲಗಿರುತ್ತವೆ. ಹೊರಗೆ 4-5 ಡಿಗ್ರಿ ದಾಟಿ ಬಿಸಿಲಿದ್ದರೆ ಮುಚ್ಚಳ ಒಂದು ಗೇಣು ಎತ್ತಿ, ಕೆಳಗೆ ಮರದ ತುಂಡು ಕೊಡಬೇಕು. 10 ದಾಟಿದರೆ ಪೂರ್ತಿ ತೆಗೆದುಬಿಡಿ. ಬಿಸಿಲು ಇಳಿಯುವ ಮುಂಚೆ ಮುಚ್ಚಿ, ಆ ಬಿಸಿ ಒಳಗೇ ಉಳಿಯಲಿ.

ಹಗಲು ಮನೆಯಲ್ಲಿ ಯಾರೂ ಇಲ್ಲ ಅಂದರೆ ತಾನೇ ತೆರೆದುಕೊಳ್ಳುವ ತೋಳು ಹಾಕಿಸಿಕೊಳ್ಳಿ. ಅದರ ಸಿಲಿಂಡರಿನೊಳಗೆ ಮೇಣ ಇರುತ್ತದೆ, ಬಿಸಿಯಾದಾಗ ಅದು ಹಿಗ್ಗಿ ದಂಡವನ್ನು ತಳ್ಳುತ್ತದೆ, ಮುಚ್ಚಳ ಏಳುತ್ತದೆ. ತಣ್ಣಗಾದರೆ ತಾನೇ ಇಳಿಯುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ದುಡ್ಡು ಕೊಟ್ಟು ಕೊಳ್ಳಲೇಬೇಕಾದ ಒಂದೇ ವಸ್ತು ಇದು. ಗಾಜಿನ ಕಿಟಕಿ ಇದಕ್ಕೆ ತುಂಬಾ ಭಾರ, ಶೀಟಿನ ಮುಚ್ಚಳವನ್ನು ಸಲೀಸಾಗಿ ಎತ್ತುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ್ದೊಂದು ಎರಡನೇ ವಸಂತಕ್ಕೇ ಸೋರಿ ನಿಂತುಹೋಯಿತು, ಸ್ವಲ್ಪ ಜಾಸ್ತಿ ಕೊಟ್ಟು ತಂದದ್ದು ಇವತ್ತಿಗೂ ನಡೆಯುತ್ತಿದೆ. ಗಾಳಿ ಜೋರಾದರೆ ತೋಳೊಂದೇ ಮುಚ್ಚಳವನ್ನು ಹಿಡಿದಿಡಲಾರದು, ಒಂದು ಸಣ್ಣ ಸರಪಳಿ ಕಟ್ಟಿ.

ರಾತ್ರಿ ಇದು ಹೊರಗಿನ ಚಳಿಗಿಂತ ಮೂರು ನಾಲ್ಕು ಡಿಗ್ರಿ ಬೆಚ್ಚಗಿಡುತ್ತದೆ, ಅದಕ್ಕಿಂತ ಹೆಚ್ಚಿಗೆ ನಂಬಬೇಡಿ. ಗ್ಯಾಲನ್ ಹಾಲಿನ ಕ್ಯಾನ್‌ಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿಸಿ ಹಿಂದಿನ ಹಲಗೆಗೆ ಒರಗಿಸಿಟ್ಟರೆ ಹಗಲಿನ ಬಿಸಿಲನ್ನು ಹಿಡಿದು ರಾತ್ರಿ ನಿಧಾನಕ್ಕೆ ಬಿಡುತ್ತವೆ. ಹಾಸನದಿಂದ ಬಂದಿದ್ದ ನಮ್ಮತ್ತೆ ಒಂದು ಸಂಜೆ ಹವಾಮಾನ ವರದಿ ಕೇಳಿ, ‘ಸುಮ್ನೆ ಯೋಚನೆ ಮಾಡ್ಬೇಡಿ, ಮೇಲೊಂದು ಕಂಬಳಿ ಹೊದಿಸಿ’ ಅಂದರು. ಅವತ್ತಿನಿಂದ ತೀರಾ ಚಳಿಯ ರಾತ್ರಿಗಳಲ್ಲಿ ಹಳೇ ಕಂಬಳಿ ಹಾಕಿ, ಅದು ನೆನೆಯದಂತೆ ಟಾರ್ಪಾಲ್ ಮುಚ್ಚುತ್ತೇವೆ. ಕ್ಯಾನ್‌ಗಳಿಗಿಂತ ಇದರಿಂದಲೇ ಉಪಯೋಗ ಜಾಸ್ತಿ.

ಮೆಣಸಿನ ಸಸಿಗಳನ್ನು ಮನೆಯೊಳಗಿನ ದೀಪದ ಬೆಳಕಿನಿಂದ ನೇರವಾಗಿ ಬಿಸಿಲಿಗೆ ಇಟ್ಟರೆ ಎರಡು ದಿನದಲ್ಲಿ ಎಲೆಯ ಮೇಲೆ ಬೆಳ್ಳಗೆ, ಕಾಗದದಂಥ ಮಚ್ಚೆ ಏಳುತ್ತದೆ, ಆಮೇಲೆ ಆ ಎಲೆ ಉದುರುತ್ತದೆ. ಪೆಟ್ಟಿಗೆಯಲ್ಲಿಟ್ಟು ಮೊದಲ ದಿನಗಳಲ್ಲಿ ಶೀಟಿನ ಮೇಲೆ ತೆಳು ಬಟ್ಟೆ ಹಾಸಿ, ದಿನಾ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಿ. ವಾರ, ಹತ್ತು ದಿನಕ್ಕೆ ಕಾಂಡ ದಪ್ಪಗಾಗಿ, ಎಲೆ ಕಡುಹಸಿರಾಗಿ, ಗಾಳಿಗೆ ಅಲ್ಲಾಡದೆ ನಿಲ್ಲುತ್ತವೆ. ಮೆಣಸು, ಬದನೆಗೆ ಒಂದು ಮಾತು: ಒಳಗೆ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ಹಾಗಿದ್ದರೆ ಟ್ರೇ ಎತ್ತಿ ಮನೆಯೊಳಗೆ ತನ್ನಿ. ಸಾಯಲ್ಲ, ಆದರೆ ಮುರುಟಿಕೊಂಡು ವಾರಗಟ್ಟಲೆ ಬೆಳೆಯೋದೇ ನಿಲ್ಲಿಸಿಬಿಡುತ್ತವೆ.

ಸೊಪ್ಪಿನ ಕಥೆಯೇ ಬೇರೆ. ಮಾರ್ಚ್ ಕೊನೆಗೆ ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಚೆಲ್ಲಿದರೆ ಅಕ್ಕಪಕ್ಕದ ತೋಟಗಳಲ್ಲಿ ಇನ್ನೂ ಏನೂ ಇಲ್ಲದಿರುವಾಗ ನಮ್ಮ ಅಡುಗೆಮನೆಗೆ ಎಳೆ ಮೆಂತ್ಯ ಬಂದಿರುತ್ತದೆ. ಸೆಪ್ಟೆಂಬರ್ ಶುರುವಿನಲ್ಲಿ ಸ್ಪಿನಾಚ್ ಹಾಕಿದರೆ ಹಿಮ ಬಿದ್ದ ಮೇಲೂ ಕೀಳಬಹುದು. ಬೆಳಿಗ್ಗೆ ಎಲೆಗಳು ಗಾಜಿನಂತೆ ಸೆಟೆದಿರುತ್ತವೆ, ಆಗ ಮುಟ್ಟಬೇಡಿ, ಮಧ್ಯಾಹ್ನಕ್ಕೆ ಕರಗಿ ಮೊದಲಿನಂತೆ ಆಗುತ್ತವೆ. ಆದರೆ ನವೆಂಬರ್ ಮಧ್ಯದಿಂದ ಫೆಬ್ರವರಿ ಶುರುವಿನ ತನಕ ಹಗಲು ಹತ್ತು ಗಂಟೆಗಿಂತ ಕಡಿಮೆ, ಆ ದಿನಗಳಲ್ಲಿ ಇದ್ದದ್ದು ಉಳಿಯುತ್ತದೆ, ಹೊಸದು ಬೆಳೆಯಲ್ಲ. ಅದಕ್ಕೇ ಬಿತ್ತನೆ ತಡ ಮಾಡಬಾರದು.

ತೊಂದರೆಗಳೂ ಇವೆ. ಒಳಗೆ ತೇವ ಹೆಚ್ಚಾದರೆ ಎಳೆ ಸಸಿಗಳ ಬುಡ ಕೊಳೆತು ಮಗುಚಿ ಬೀಳುತ್ತವೆ. ನೀರನ್ನು ಬೆಳಿಗ್ಗೆಯೇ, ಕಡಿಮೆ ಹಾಕಿ. ಗೊಂಡೆಹುಳುಗಳಿಗೂ (ಚಿಪ್ಪಿಲ್ಲದ ಬಸವನಹುಳು, ಸ್ಲಗ್) ಇದು ಇಷ್ಟದ ಜಾಗ. ಚಳಿಗಾಲದಲ್ಲಿ ಇಲಿಯಂಥ ಸಣ್ಣ ಪ್ರಾಣಿ, ಇಲ್ಲಿನವರು ವೋಲ್ ಅನ್ನುತ್ತಾರೆ, ನೆಲದಡಿಯಿಂದ ಬಂದು ಬೇರು ಕಡಿದುಹಾಕುತ್ತದೆ. ತಳಕ್ಕೆ ಕಾಲಿಂಚು ಕಣ್ಣಿನ ತಂತಿ ಜಾಲರಿ ಹಾಸಿದ ಮೇಲೆ ನಮಗೆ ಅದರ ಕಾಟ ತಪ್ಪಿತು. ಮಡಿ ಮಾಡುವ ಮೊದಲೇ ಹಾಸಿಬಿಡಿ, ಆಮೇಲೆ ಮಣ್ಣೆಲ್ಲ ತೆಗೆಯುವುದು ದೊಡ್ಡ ಕೆಲಸ.

ಜೂನ್ ಬಂದಾಗ ಮುಚ್ಚಳ ಬಿಚ್ಚಿ ಗ್ಯಾರೇಜ್‌ನಲ್ಲಿಡಿ, ಮೇಣದ ತೋಳನ್ನೂ ಕಳಚಿಡಿ. ಅದೇ ಪೆಟ್ಟಿಗೆಯಲ್ಲಿ ಹರಿವೆ, ದಂಟು ಹಾಕಿ. ಬೇಸಿಗೆಯಲ್ಲಿ ಅವಕ್ಕೆ ಮುಚ್ಚಳದ ಹಂಗೇ ಬೇಡ.