‘.223’ ಎಂಬ ಅಂಕಿ ನೋಡಿ ಗುಂಡು ಕೊಳ್ಳಬೇಡಿ

ಅರಿಜೋನಾದ ಅಂಗಡಿಯೊಂದರಲ್ಲಿ .223 ಅಳತೆಯ (ಗುಂಡಿನ ದಪ್ಪವನ್ನು ಅಂಗುಲದಲ್ಲಿ ಸೂಚಿಸುವ ಹೆಸರು) ಹಳೆಯ ಬೋಲ್ಟ್ ಆ್ಯಕ್ಷನ್ ರೈಫಲ್, ಅಂದರೆ ಬೋಲ್ಟ್ ಎಂಬ ಹಿಂಬದಿಯ ಅಗುಳಿಯನ್ನು ಕೈಯಿಂದ ಎಳೆದು ಗುಂಡು ತುಂಬುವಂಥದ್ದು, ಕೊಂಡೆ. ಗುರಿ ಅಭ್ಯಾಸಕ್ಕೆ ಯಾವ ಗುಂಡು ಸರಿ ಎಂದು ಕೇಳಿದಾಗ, ‘ಗಾಳಿಗೆ ಜಗ್ಗದ್ದು ಬೇಕಿದ್ದರೆ 77 ಗ್ರೇನಿನದು ಒಯ್ಯಿರಿ’ ಎಂದು ಮಾರಾಟಗಾರ ದುಬಾರಿ ಪೆಟ್ಟಿಗೆಗಳನ್ನು ಕೈಗಿತ್ತ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ). ನಳಿಗೆಯ ಟ್ವಿಸ್ಟ್ (ಒಳಗಿನ ತೋಡುಗಳ ತಿರುವು) ಎಷ್ಟೆಂದು ಕೇಳಿದ್ದಕ್ಕೆ, ‘.223 ಎಂದ ಮೇಲೆ ಎಲ್ಲವೂ ನಡೆಯುತ್ತದೆ’ ಎಂಬ ಉತ್ತರ ಬಂತು.

100 ಗಜದಲ್ಲಿ ಗುರಿಹಾಳೆಯ ಮೇಲೆ ಒಂದೂ ದುಂಡು ತೂತು ಬೀಳಲಿಲ್ಲ. ಗುಂಡು ಅಡ್ಡಡ್ಡವಾಗಿ ಬಂದು ಹಾಳೆಯನ್ನು ಸೀಳಿತ್ತು. ಚೂಪು ಮೂತಿ, ಚಪ್ಪಟೆ ಬುಡ, ಅಂಚಿನಲ್ಲಿ ಬೂದು ಮಸಿ: ಗುಂಡಿನ ಪಕ್ಕದ ಅಚ್ಚೇ ಕಾಗದದಲ್ಲಿ ಮೂಡಿತ್ತು. ಕೆಲವು ಹಾಳೆಯನ್ನು ಮುಟ್ಟಲೇ ಇಲ್ಲ. ರೇಂಜ್ ಅಧಿಕಾರಿ ತಕ್ಷಣ ನಿಲ್ಲಿಸಿದರು. ಪಲ್ಟಿ ಹೊಡೆಯುವ ಗುಂಡು ಎತ್ತ ಹೋಗುತ್ತದೆಂದು ಯಾರೂ ಹೇಳಲಾರರು. ತೆರೆದ ಪೆಟ್ಟಿಗೆ ವಾಪಸ್ ಪಡೆಯುವುದಿಲ್ಲವೆಂದು ಅಂಗಡಿಯವರು ಕೈತೊಳೆದುಕೊಂಡರು.

ನಳಿಗೆಯೊಳಗಿನ ಸುರುಳಿ ತೋಡುಗಳು ಗುಂಡನ್ನು ಎಷ್ಟು ಅಂಗುಲಕ್ಕೆ ಒಂದು ಸುತ್ತು ತಿರುಗಿಸುತ್ತವೆ ಎಂಬುದೇ ಟ್ವಿಸ್ಟ್. ನನಗೆ ಸಿಕ್ಕಿದ್ದು 12 ಅಂಗುಲದ್ದು. 55 ಗ್ರೇನಿನ ಗುಂಡಿಗೆ ಅದು ಸಾಕು. ಅಮೆರಿಕದ ಸೇನೆಯ ಎಂ16ಎ1 ರೈಫಲಿಗೂ ಅಷ್ಟೇ ಇತ್ತು. 77 ಗ್ರೇನಿಗೆ 8 ಅಥವಾ 7 ಅಂಗುಲದ ಟ್ವಿಸ್ಟ್ ಇರುವ ನಳಿಗೆ ಬೇಕು. ಸುತ್ತು ಸಾಲದ ಗುಂಡು ವೇಗ ಕುಂದಿದ ಬುಗುರಿಯಂತೆ ಓಲಾಡಿ ಮಗುಚುತ್ತದೆ. ತೀರಾ ಹಗುರವಾದ, ತೆಳು ಕವಚದ ಗುಂಡನ್ನು 7 ಅಂಗುಲದ ಟ್ವಿಸ್ಟ್ ಇರುವ ನಳಿಗೆಯಿಂದ ವೇಗವಾಗಿ ಹಾರಿಸಿದರೆ ಗಾಳಿಯಲ್ಲೇ ಚೂರಾಗುವುದೂ ಉಂಟು.

ಪೆಟ್ಟಿಗೆಯ ಮೇಲೆ ಬರೆದಿರುವುದು ತೂಕ. ನಿಜಕ್ಕೂ ನೋಡಬೇಕಾದ್ದು ಗುಂಡಿನ ಉದ್ದ. ಬೇಕಾದ ಟ್ವಿಸ್ಟ್ ತಿಳಿಯಲು 1879ರಲ್ಲಿ ಬ್ರಿಟಿಷ್ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಕೊಟ್ಟ ಸೂತ್ರ ಇಂದಿಗೂ ಅಂದಾಜಿಗೆ ಉಪಯುಕ್ತ: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿ, ಎಲ್ಲವೂ ಅಂಗುಲದಲ್ಲಿ. .223 ರೈಫಲಿನ ಗುಂಡಿನ ನಿಜವಾದ ವ್ಯಾಸ .224 ಅಂಗುಲ; ಸುಮಾರು 1 ಅಂಗುಲ ಉದ್ದದ ಅಂಥ ಗುಂಡಿಗೆ ಏಳೂವರೆ ಅಂಗುಲ ಬರುತ್ತದೆ. ಸೀಸಕ್ಕಿಂತ ತಾಮ್ರ ಹಗುರ ಲೋಹ, ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಇನ್ನೂ ಉದ್ದ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಅಲ್ಲಿರುವ ಗೆಳೆಯರು ತೂಕ ಹೊಂದಿಸಿಕೊಂಡರೆ ಸಾಕೆಂದು ನೆಚ್ಚಬೇಡಿ. ಗುಂಡು ಅಡ್ಡ ತಿರುಗಿದರೆ ಜಿಂಕೆ ಗಾಯಗೊಂಡು ನರಳುತ್ತದೆ.

ತಯಾರಕರಿಗೂ ಈ ಲೆಕ್ಕ ದುಬಾರಿಯಾಗಿದೆ. 1955ರಲ್ಲಿ ಅಮೆರಿಕದ ಬಂದೂಕು ಕಂಪನಿ ರೆಮಿಂಗ್ಟನ್ ತನ್ನ .244 ಅಳತೆಯ ರೈಫಲಿಗೆ 12 ಅಂಗುಲದ ಟ್ವಿಸ್ಟ್ ಕೊಟ್ಟಿತು. 100 ಗ್ರೇನಿನ ಗುಂಡು ಬಯಸಿದ ಬೇಟೆಗಾರರು 10 ಅಂಗುಲದ ಟ್ವಿಸ್ಟ್ ಇದ್ದ ಪ್ರತಿಸ್ಪರ್ಧಿ .243 ವಿಂಚೆಸ್ಟರ್ ಕಡೆ ಹೊರಳಿದರು. ಟ್ವಿಸ್ಟನ್ನು 9 ಅಂಗುಲಕ್ಕೆ ಇಳಿಸಿ, 1963ರಲ್ಲಿ 6 ಎಂಎಂ ರೆಮಿಂಗ್ಟನ್ ಎಂದು ಹೆಸರು ಬದಲಿಸಿದರೂ ಕಳೆದುಕೊಂಡ ಮಾರುಕಟ್ಟೆ ಕೈಗೆ ಬರಲಿಲ್ಲ.

ಅಳೆಯುವುದು ಸುಲಭ. ರೈಫಲ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಬೋಲ್ಟ್ ಹೊರತೆಗೆಯಿರಿ. ಹಿಡಿ ಸಲೀಸಾಗಿ ತಿರುಗುವ ಶುಚಿ ಸರಳಿಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ ನಳಿಗೆಯೊಳಗೆ ತಳ್ಳಿ. ಸರಳಿನ ಮೇಲೆ ಗುರುತು ಹಾಕಿ, ಅದು ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ಸರಳು ಎಷ್ಟು ಅಂಗುಲ ಒಳಹೋಯಿತೆಂದು ನೋಡಿ. ಹಣ ಕೊಡುವ ಮೊದಲೇ, ಅಂಗಡಿಯಲ್ಲೇ ಇದನ್ನು ಮಾಡಿ. ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.